ನೃಪತುಂಗನ ಕಾಲದ ಒಂದು ಸಂಖ್ಯಾಹಾರ



ಮೊದಲು ಒಂದು ಕಾಗದ, ಒಂದು ಪೆನ್ಸಿಲ್ ತೆಗೆದುಕೊಂಡು ಬನ್ನಿ. ಈ ಲೇಖನವನ್ನು ಕಣ್ಣಿನಿಂದ ಓದಿದರೆ ಅರ್ಧ ಓದಿದಂತೆ. ಉಳಿದರ್ಧವನ್ನು ಕೈಯಿಂದಲೇ ಓದಬೇಕು. ತಂದಿರಾ? ಹಾಗಾದರೆ ಈ ಸಂಖ್ಯೆಯನ್ನು ಬರೆದುಕೊಳ್ಳಿ:

12345654321

ಎಡದಿಂದ ಬಲಕ್ಕೆ ಓದಿ. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಮತ್ತೆ ಒಂದಕ್ಕೆ ಇಳಿದು ಬಂದಂತಿದೆ. ಬಲದಿಂದ ಎಡಕ್ಕೆ ಓದಿ, ಆಗಲೂ ಅದೇ. ಕನ್ನಡದಲ್ಲಿ ಇಂಥ ಪದಗಳನ್ನು ನೀವು ಕೇಳಿರುತ್ತೀರಿ: ಗದಗ, ಕನಕ, ಕಿಟಕಿ, ನವಜೀವನ, ವಿಕಟಕವಿ. ಅಕ್ಷರ ಅಕ್ಷರವಾಗಿ ಹಿಂದಿನಿಂದ ಓದಿದರೂ ಪದ ಬದಲಾಗುವುದಿಲ್ಲ. ನಾನು ಕಾಲೇಜಿನಲ್ಲಿ ಓದಿದ ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಲಿಂಡ್ರೋಮ್ ಎಂದು ಹೆಸರು. ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಇದನ್ನು ‘ಗತಪ್ರತ್ಯಾಗತ’ ಎಂದರು. ಹೋದದ್ದು, ತಿರುಗಿ ಬಂದದ್ದು ಎಂದರ್ಥ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಆಮೇಲೆ ಮನೆ, ಮಕ್ಕಳು, ದಿನಸಿ ಚೀಟಿ ಎಂದು ಕಾಲ ಕಳೆದ ಈ ಆಂಟಿಗೆ ಗಣಿತದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹಾಲಿನವನ ಲೆಕ್ಕ, ಗ್ಯಾಸಿನ ಲೆಕ್ಕ, ಊರಿಗೆ ಹೋಗುವ ರೈಲಿನ ಟಿಕೆಟ್ಟಿನ ಲೆಕ್ಕ ಎಲ್ಲವೂ ಗಣಿತವೇ ತಾನೆ? ಅದಿರಲಿ. ನಾನು ಇದನ್ನು ಬರೆಯಲು ಬೇರೆ ಕಾರಣವಿದೆ. ಈ ಸಂಖ್ಯೆ ಇಂದು ನಿನ್ನೆಯದಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕನ್ನಡನಾಡಿನ ಒಬ್ಬ ದೊರೆಯ ಕಾಲದಲ್ಲಿ ರಚನೆಯಾದ ಗಣಿತಗ್ರಂಥದಲ್ಲಿ ಇದು ಸೇರಿದೆ.

ಯಾವ ಕಾಲ, ಯಾವ ನಾಡು?

ರಾಷ್ಟ್ರಕೂಟರ ಹೆಸರನ್ನು ನೀವು ಶಾಲೆಯ ಇತಿಹಾಸದಲ್ಲಿ ಒಂದೆರಡು ಸಾಲು ಓದಿರಬಹುದು. ಮುಂಬಯಿ, ಪುಣೆಯ ಮಕ್ಕಳು ಪ್ರವಾಸಕ್ಕೆ ಹೋಗಿ ನೋಡಿ ಬರುವ ಎಲ್ಲೋರದ ಕೈಲಾಸ ದೇವಾಲಯ ಈ ವಂಶದ ಒಂದನೆಯ ಕೃಷ್ಣನ ಕಾಲದ್ದು. ಅದೇ ವಂಶದ ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಶ್ರಯದಲ್ಲಿ. ಅವನ ರಾಜಧಾನಿ ಮಾನ್ಯಖೇಟ. ಇಂದು ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ಎಂಬ ಊರು. ಮುಂಬಯಿಯಿಂದ ವಾಡಿ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ರೈಲಿನಲ್ಲಿ ಕುಳಿತಿದ್ದರೆ, ಚಿತ್ತಾಪುರ ದಾಟಿದ ಮೇಲೆ ಸೇಡಂ ಬರುವ ಮುನ್ನ ಕಿಟಕಿಯಾಚೆ ನೋಡಿ. ‘ಮಳಖೇಡ ರೋಡ್’ ಎಂಬ ಫಲಕ ಕಾಣಿಸುತ್ತದೆ. ಒಂದು ಸಾಮ್ರಾಜ್ಯದ ರಾಜಧಾನಿ ಅಲ್ಲಿತ್ತು.

ಆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸರಿದ್ದರು. ತೀರ್ಥಂಕರ ಮಹಾವೀರ ಬೇರೆ, ಇವರು ಬೇರೆ. ಇವರು ಬರೆದ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದೆ. ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳು. ಆರಂಭದಲ್ಲೇ ದೊರೆ ಅಮೋಘವರ್ಷನ ಹೊಗಳಿಕೆಯಿದೆ. ಆ ಕಾಲದಲ್ಲಿ ಗಣಿತವೆಂದರೆ ಹೆಚ್ಚಾಗಿ ಜ್ಯೋತಿಷ, ಗ್ರಹಗತಿಯ ಪುಸ್ತಕದೊಳಗಿನ ಒಂದೆರಡು ಅಧ್ಯಾಯ. ಇವರಾದರೋ ಗಣಿತಕ್ಕಾಗಿಯೇ ಒಂದು ಪೂರ್ಣ ಗ್ರಂಥ ಬರೆದರು. ದಕ್ಷಿಣದಲ್ಲಿ ಅದು ಪಠ್ಯಪುಸ್ತಕದಂತೆ ಹಬ್ಬಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಎಂದು ಕನ್ನಡದಲ್ಲೇ ಗಣಿತ ಬರೆದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮಹಾವೀರರ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೂ ಅದರ ಪರಿಚಯವಾಯಿತು.

ಹಾರ ಪೋಣಿಸುವ ಲೆಕ್ಕಗಳು

ಗುಣಾಕಾರದ ಭಾಗದಲ್ಲಿ ಆಚಾರ್ಯರು ಶಿಷ್ಯರಿಗೆ ಕೆಲವು ಲೆಕ್ಕ ಕೊಡುತ್ತಾರೆ. ಪ್ರಶ್ನೆ ನೋಡಿದರೆ ಒಣ ಗುಣಾಕಾರ. ಉತ್ತರ ಬಂದಾಗ ಮಾತ್ರ ಶಿಷ್ಯನ ಮುಖ ಅರಳಬೇಕು, ಹಾಗೆ ಆರಿಸಿದ್ದಾರೆ. ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ:

139 × 109 = 15151
152207 × 73 = 11111111
14287143 × 7 = 100010001
142857143 × 7 = 1000000001
12345679 × 9 = 111111111
27994681 × 441 = 12345654321

ಇಂಥ ಉತ್ತರಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದರು. ಕೊಂಡಿ ಎಲ್ಲಿದ್ದರೂ ಹಾರದ ಎರಡು ಪಕ್ಕ ಒಂದೇ ಸಮ ಕಾಣುತ್ತದಲ್ಲವೇ, ಹಾಗೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಆಗ ಗಣಿತವನ್ನು ಶ್ಲೋಕದಲ್ಲಿ ಹೇಳುತ್ತಿದ್ದರು. ಅಂಕಿಗಳಿಗೆ ಬದಲಾಗಿ ಪದಗಳು ಬರುತ್ತಿದ್ದವು: ಚಂದ್ರ ಎಂದರೆ 1, ಕಣ್ಣು ಎಂದರೆ 2, ಅಗ್ನಿ ಎಂದರೆ 3, ಸಾಗರ ಎಂದರೆ 4, ಬಾಣ ಎಂದರೆ 5, ಋತು ಎಂದರೆ 6. ಹೀಗೆ ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಹೋಗುವುದು ವಾಡಿಕೆ. ‘ಸಾಗರ ಅಗ್ನಿ’ ಎಂದರೆ 43 ಅಲ್ಲ, 34. ಹೊಸಬರು ಇಲ್ಲಿ ಎಡವುತ್ತಾರೆ. ಹಾರದ ಸಂಖ್ಯೆಗೆ ಆ ಭಯವೇ ಇಲ್ಲ. ಯಾವ ಕಡೆಯಿಂದ ಬಿಡಿಸಿದರೂ ಅದು ಅದೇ ಸಂಖ್ಯೆ.

ಕನ್ನಡದಲ್ಲಿ ಓದಿ ನೋಡೋಣ

ನಮ್ಮ ಸಂಖ್ಯೆಯನ್ನು ಈಗ ಬಾಯಿಬಿಟ್ಟು ಕನ್ನಡದಲ್ಲಿ ಓದಿ. ಹನ್ನೊಂದು ಅಂಕಿಗಳಿವೆ. ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿದರೆ 12,34,56,54,321 ಎಂದಾಗುತ್ತದೆ. ಹನ್ನೆರಡು, ಮೂವತ್ತನಾಲ್ಕು, ಐವತ್ತಾರು, ಐವತ್ತನಾಲ್ಕು ಎಂದು ಹಾರದ ಮಣಿಗಳು ಜೋಡಿಜೋಡಿಯಾಗಿ ಬೀಳುತ್ತವೆ. ಓದುವುದು ಹೀಗೆ: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕನ್ನಡ ಅಂಕಿಗಳಲ್ಲಿ ಬರೆದರೆ ೧೨೩೪೫೬೫೪೩೨೧.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳ ಕನ್ನಡದಲ್ಲಿ ಮೊದಲು ಸವೆಯುವುದು ಅಂಕಿಗಳೇ ಎಂದು ನನಗೆ ಅನಿಸಿದೆ. ಅಜ್ಜಿಯ ಹತ್ತಿರ ಊಟದ ಮಾತು ಕನ್ನಡದಲ್ಲಿ ನಡೆಯುತ್ತದೆ. ಫೋನ್ ನಂಬರು ಹೇಳುವಾಗ ಮಾತ್ರ ಇಂಗ್ಲಿಷ್, ತರಕಾರಿ ಚೌಕಾಸಿಗೆ ಹಿಂದಿ ಅಥವಾ ಮರಾಠಿ. ‘ಎಪ್ಪತ್ತೊಂಬತ್ತು’ ಎಂದರೆ ಎಷ್ಟು ಎಂದು ಕೇಳಿದರೆ ಒಂದು ಗಳಿಗೆ ಮೇಲೆ ನೋಡುತ್ತೀರಿ. ಆದರೆ ಕನ್ನಡದ ಎಣಿಕೆ ಬಹಳ ಸರಳ ಕಣ್ರೀ. ಹಿಂದಿಯ ‘ಇಕ್ಕೀಸ್’, ಮರಾಠಿಯ ‘ಏಕವೀಸ್’ ಒಂದನ್ನು ಮೊದಲು ಹೇಳಿ ಇಪ್ಪತ್ತನ್ನು ಆಮೇಲೆ ಹೇಳುತ್ತವೆ. ಕನ್ನಡದ ‘ಇಪ್ಪತ್ತೊಂದು’ ಬರೆದ ಕ್ರಮದಲ್ಲೇ ಇದೆ: ಮೊದಲು ಇಪ್ಪತ್ತು, ಆಮೇಲೆ ಒಂದು. ಹತ್ತರ ಹೆಸರುಗಳನ್ನು ಕಲಿತರೆ ನೂರರವರೆಗೆ ಬಹುಪಾಲು ನೀವೇ ಕಟ್ಟಿಕೊಳ್ಳಬಹುದು.

ಕೋಟಿಯಾಚೆಗೂ ಮಹಾವೀರಾಚಾರ್ಯರಲ್ಲಿ ಹೆಸರುಗಳಿದ್ದವು. ಏಕ, ದಶ, ಶತ ಎಂದು ಆರಂಭಿಸಿ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾರೆ. ಹನ್ನೊಂದನೆಯದು ಅರ್ಬುದ, ನಮ್ಮ ಸಂಖ್ಯೆಯ ಮೊದಲ 1 ಕುಳಿತಿರುವುದು ಅಲ್ಲಿ. ಇಪ್ಪತ್ತನಾಲ್ಕನೆಯದರ ಹೆಸರು ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ! ಅಷ್ಟು ದೊಡ್ಡ ಸಂಖ್ಯೆಯನ್ನು ನೆನೆದರೆ ಮನಸ್ಸಿಗೆ ಕ್ಷೋಭೆಯಾಗುವುದು ಸಹಜವೇ.

ಮೆಟ್ಟಿಲು ಕಟ್ಟಿದವರು ಯಾರು?

ಈಗ ಪೆನ್ಸಿಲ್ ಕೈಗೆತ್ತಿಕೊಳ್ಳಿ. 11 ಅನ್ನು 11ರಿಂದ ಗುಣಿಸಿ: 121. 111 ಅನ್ನು 111ರಿಂದ ಗುಣಿಸಿ: 12321. 1111 ಅನ್ನು ಅದರಿಂದಲೇ ಗುಣಿಸಿ: 1234321. ಆರು ಒಂದುಗಳ ಸರದಿ ಬಂದಾಗ,

111111 × 111111 = 12345654321

ನಮ್ಮ ಸಂಖ್ಯೆ ಒಂದು ಪೂರ್ಣವರ್ಗ. ಅದರ ವರ್ಗಮೂಲ ಬರೀ ಒಂದುಗಳ ಸಾಲು. ಅಂಗಡಿಯವನ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಇದು ಹಿಡಿಸುವುದಿಲ್ಲ. ಕೈಯಲ್ಲೇ ಮಾಡಿ, ಆಗಲೇ ಗುಟ್ಟು ತಿಳಿಯುವುದು.

ಶಾಲೆಯಲ್ಲಿ ಕಲಿತಂತೆ ಸಾಲುಗಳನ್ನು ಒಂದರ ಕೆಳಗೊಂದು, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯಿರಿ. ಮೂರು ಒಂದುಗಳ ಲೆಕ್ಕದಲ್ಲಿ 111, 1110, 11100 ಎಂಬ ಮೂರು ಸಾಲು ಬರುತ್ತದೆ. ಕೂಡಿಸಿದರೆ 12321. ಆರು ಒಂದುಗಳಿಗೆ ಆರು ಸಾಲು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಇದೆ. ಅದರ ಪಕ್ಕದಲ್ಲಿ ಎರಡು. ಹೀಗೆ ಏರುತ್ತ ನಡುವಿನ ಕಂಬದಲ್ಲಿ ಆರು. ಅಲ್ಲಿಂದ ಎಡಕ್ಕೆ ಹೋದಂತೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು, ಮೂರು ಎಂದು ಇಳಿಯುತ್ತದೆ. ಮೆಟ್ಟಿಲನ್ನು ಯಾರೂ ಜಾದೂ ಮಾಡಿ ಕಟ್ಟಲಿಲ್ಲ. ಸರಿಸಿ ಬರೆದ ಸಾಲುಗಳೇ ಕಟ್ಟಿದವು.

ಇನ್ನೊಂದು ನೋಡಿ. ನಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಿ. 1+2+3+4+5+6+5+4+3+2+1. ಉತ್ತರ 36, ಅಂದರೆ ಆರಾರಲೆ ಮೂವತ್ತಾರು. ಇದು ಆಕಸ್ಮಿಕವೇ? ಅಲ್ಲ. ಆರು ಸಾಲು, ಸಾಲಿಗೆ ಆರು ಒಂದು. ಒಟ್ಟು ಮೂವತ್ತಾರು ಒಂದುಗಳನ್ನು ನಾವು ಬರೆದಿದ್ದೆವು. ಕಂಬಸಾಲಾಗಿ ಎಣಿಸಿದರೂ ಅಷ್ಟೇ ಇರಬೇಕಲ್ಲ! ಅಡ್ಡಲಾಗಿ ಎಣಿಸಿದ್ದನ್ನೇ ಉದ್ದಕ್ಕೆ ಎಣಿಸಿದ್ದೇವೆ. ಹಪ್ಪಳವನ್ನು ಸಾಲಾಗಿ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡನ್ನೂ ಸೇರಿಸಿದರೆ ಮತ್ತೊಂದು ಚಂದ. ನಮ್ಮ ಸಂಖ್ಯೆಯನ್ನು ಅದರ ಅಂಕಿಗಳ ಮೊತ್ತವಾದ 36ರಿಂದ ಗುಣಿಸಿದರೆ 444443555556. ಅದು 666666ರ ವರ್ಗ.

ಒಳಗಿರುವ ಐವರು

ಇನ್ನು ಸಂಖ್ಯೆಯನ್ನು ಒಡೆದು ನೋಡೋಣ. 111111 ಎಂದರೆ 111 × 1001. 111 ಎಂದರೆ 3 × 37. 1001 ಎಂದರೆ 7 × 11 × 13. ಒಟ್ಟಿಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು, ಅಂದರೆ ಮುಂದೆ ಒಡೆಯಲಾಗದವು. ನಮ್ಮ ಸಂಖ್ಯೆ 111111ರ ವರ್ಗವಾದ್ದರಿಂದ ಇವರು ಐವರೂ ಎರಡೆರಡು ಸಲ ಇದ್ದಾರೆ.

1001ರ ಒಂದು ಆಟ ಹೇಳುತ್ತೇನೆ, ಗೆಳೆಯರನ್ನು ಬೆರಗುಗೊಳಿಸಲು ಒಳ್ಳೆಯದು. ಮೂರಂಕಿಯ ಯಾವುದಾದರೂ ಸಂಖ್ಯೆ ಬರೆಯಲು ಹೇಳಿ, 456 ಎನ್ನಿ. ಅದನ್ನೇ ಪಕ್ಕದಲ್ಲಿ ಮತ್ತೆ ಬರೆಯಲಿ: 456456. ಈಗ 7ರಿಂದ ಭಾಗಿಸಲಿ: 65208. ಬಂದದ್ದನ್ನು 11ರಿಂದ: 5928. ಅದನ್ನು 13ರಿಂದ: 456. ಶೇಷ ಎಲ್ಲೂ ಉಳಿಯದು, ಕೊನೆಗೆ ಮೊದಲಿನ ಸಂಖ್ಯೆಯೇ ಬಂತು! ಮೂರಂಕಿಯನ್ನು ಎರಡು ಸಲ ಬರೆಯುವುದೆಂದರೆ 1001ರಿಂದ ಗುಣಿಸುವುದು. 7, 11, 13ರಿಂದ ಭಾಗಿಸುವುದೆಂದರೆ ಅದೇ 1001 ಅನ್ನು ಹಿಂದಕ್ಕೆ ತೆಗೆಯುವುದು.

ಹಾಗಾದರೆ 12345654321 ಅನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಒಂದೊಂದಾಗಿ ಹುಡುಕುತ್ತ ಕೂತರೆ ದೀಪಾವಳಿ ಬಂದೀತು. ಹೀಗೆ ಯೋಚಿಸಿ: ಐದು ಡಬ್ಬಗಳಿವೆ, ಪ್ರತಿಯೊಂದರಲ್ಲಿ ಎರಡೆರಡು ಉಂಡೆ. ಪ್ರತಿ ಡಬ್ಬದಿಂದ ಒಂದೂ ತೆಗೆಯದಿರಬಹುದು, ಒಂದು ತೆಗೆಯಬಹುದು, ಎರಡೂ ತೆಗೆಯಬಹುದು. ಮೂರು ದಾರಿ. ಐದು ಡಬ್ಬಕ್ಕೆ 3 × 3 × 3 × 3 × 3 = 243 ದಾರಿ. ಆದ್ದರಿಂದ ಭಾಜಕಗಳು 243.

ಈ 243 ಬೆಸಸಂಖ್ಯೆ ಎಂಬುದನ್ನೂ ಗಮನಿಸಿ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: ಒಂದರಿಂದ ಭಾಗಿಸಿದರೆ ಬರುವ ಉತ್ತರವೇ ಅದರ ಜೊತೆಗಾರ. ಇಲ್ಲಿ 121 ಜೋಡಿಗಳಾಗುತ್ತವೆ, ಒಂದು ಉಳಿಯುತ್ತದೆ. ಉಳಿದದ್ದು 111111, ಅದಕ್ಕೆ ಅದೇ ಜೊತೆ. ಯಾವ ಸಂಖ್ಯೆಯ ಭಾಜಕಗಳು ಬೆಸವಾಗಿವೆಯೋ ಅದು ಪೂರ್ಣವರ್ಗ ಎಂಬ ನಿಯಮ ಹೀಗೆ ಹುಟ್ಟಿತು.

ಆಚಾರ್ಯರು ಆರಿಸಿದ್ದು ಆ 121 ಜೋಡಿಗಳಲ್ಲಿ ಒಂದನ್ನು. ಅವರ 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7 ಎಂಬ ಇಬ್ಬರ ಪಾಲು. ಅವರ 27994681 ಎಂದರೆ 5291ರ ವರ್ಗ. 11, 13, 37 ಎಂಬ ಮೂವರ ಪಾಲು. ಎರಡೂ ವರ್ಗಗಳೇ. 27994681 ಅನ್ನು ನೋಡಿದರೆ ಅದರೊಳಗೆ ಹಾರ ಅಡಗಿದೆಯೆಂದು ಯಾರಿಗೂ ತಿಳಿಯದು. ಹುಡುಗನೊಬ್ಬ ಬೇಸರದಿಂದ ಗುಣಿಸುತ್ತ ಹೋಗಿ, ಕಡೆಯ ಸಾಲು ಕೂಡಿಸಿದಾಗ ಹಾರ ಹೊರಬೀಳುವುದನ್ನು ಕಂಡು ಕಣ್ಣರಳಿಸಿದ್ದನ್ನು ನಾನು ಊಹಿಸಿಕೊಳ್ಳಬಲ್ಲೆ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಅದೇ ಕಷ್ಟ ಇಂದು ಜಗತ್ತಿನ ಬೀಗವಾಗಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಆಧಾರವಾಗಿಟ್ಟುಕೊಂಡು ಗುಪ್ತಸಂದೇಶದ ಒಂದು ವಿಧಾನ ರೂಪಿಸಿದರು. ಕಂಪ್ಯೂಟರುಗಳ ನಡುವಿನ ಸಂದೇಶ ಕಾಯಲು ಅದು ಎಲ್ಲೆಡೆ ಬಳಕೆಗೆ ಬಂತು. ಅಂಥ 250 ಅಂಕಿಗಳ ಒಂದು ಸಂಖ್ಯೆಯನ್ನು ಒಡೆಯಲು ಸಾಧ್ಯವಾದದ್ದು 2020ರಲ್ಲಿ, ಅನೇಕ ಕಂಪ್ಯೂಟರುಗಳು ಒಟ್ಟಿಗೆ ದುಡಿದ ಮೇಲೆ.

ಎಂಟು ಎಲ್ಲಿ ಹೋಯಿತು?

ಮೇಲಿನ ಪಟ್ಟಿಯ 12345679 × 9 ಅನ್ನು ಮತ್ತೆ ನೋಡಿ. ಏಳರ ನಂತರ ಒಂಬತ್ತು! ಎಂಟು ಕಾಣೆ. ಅಚ್ಚಿನ ದೋಷವಲ್ಲ. 111111111 ಅನ್ನು 9ರಿಂದ ನೀವೇ ಭಾಗಿಸಿ. ಮೊದಲು 11ರಲ್ಲಿ 9 ಒಂದು ಸಲ, ಶೇಷ 2. ಮುಂದಿನ ಅಂಕಿ ಇಳಿಸಿದರೆ 21; ಎರಡು ಸಲ, ಶೇಷ 3. ಆಮೇಲೆ 31, ಮೂರು ಸಲ, ಶೇಷ 4. ಹೀಗೆ ಭಾಗಲಬ್ಧವೂ ಶೇಷವೂ ಒಂದೊಂದೇ ಏರುತ್ತವೆ. 71ಕ್ಕೆ ಬಂದಾಗ ಏಳು ಸಲ, ಶೇಷ 8. ಕೊನೆಯ ಅಂಕಿ ಇಳಿಸಿದರೆ 81. ಎಂಟು ಸಲ ಹೋದರೆ 72, ಇನ್ನೂ 9 ಉಳಿಯುತ್ತದೆ; ಅದನ್ನು ಬಿಡಲಾಗುವುದೇ? ಒಂಬತ್ತು ಸಲವೇ ಹೋಯಿತು, ಶೇಷ ಸೊನ್ನೆ. ಎಂಟಕ್ಕೆ ಜಾಗವೇ ಸಿಗಲಿಲ್ಲ.

ಹಾರ ಹರಿಯುವುದು ಎಲ್ಲಿ?

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಮೆಟ್ಟಿಲು ಎಂದೆಂದಿಗೂ ಏರುತ್ತದೆಯೇ? ಒಂಬತ್ತು ಒಂದುಗಳವರೆಗೆ ಏರುತ್ತದೆ: 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದಲ್ಲಿ ಹತ್ತು ಕೂಡುತ್ತದೆ. ಒಂದು ಮನೆಯಲ್ಲಿ ಹತ್ತು ಹಿಡಿಸುವುದಿಲ್ಲ. ಸೊನ್ನೆ ಬರೆದು ದಶಕ ಒಂದನ್ನು ಪಕ್ಕಕ್ಕೆ ಕೊಡಬೇಕು. ಪಕ್ಕದ 9 ಕೂಡ ಹತ್ತಾಗುತ್ತದೆ. ಅಲ್ಲೂ ಸೊನ್ನೆ, ದಶಕ ಒಂದು. ಅದರಾಚೆಯ 8 ಒಂಬತ್ತಾಗುತ್ತದೆ. ಉತ್ತರ 1234567900987654321. ಎಡಗಡೆಯ ಏರಿನಲ್ಲಿ ಮತ್ತೆ ಎಂಟು ಕಾಣೆ! ಅಂಕಿಗಳ ಮೊತ್ತವೂ ಹತ್ತು ಹತ್ತಲೆ ನೂರಾಗದೆ 82ಕ್ಕೆ ಇಳಿಯಿತು. ಪ್ರತಿ ದಶಕಕ್ಕೂ ಒಂಬತ್ತರಂತೆ ಹದಿನೆಂಟು ಕಳೆದುಹೋಗಿದೆ.

ಹಾರ ಹರಿದದ್ದು ದೋಷವಲ್ಲ. ನಾವು ಹತ್ತರ ಗುಂಪಿನಲ್ಲಿ ಎಣಿಸುತ್ತೇವೆ ಎಂಬ ಸಂಗತಿ ಅಲ್ಲಿ ಬಯಲಾಗುತ್ತದೆ, ಅಷ್ಟೆ. ಬೆರಳು ಹತ್ತು ತಾನೆ?

ಬರೀ ಒಂದುಗಳ ಸಂಖ್ಯೆಗಳ ಬಗ್ಗೆ ಇಂದಿಗೂ ಸಂಶೋಧನೆ ನಡೆದಿದೆ. ಅವುಗಳಲ್ಲಿ ಒಡೆಯಲಾಗದವು ಯಾವುವು? ಎರಡು ಒಂದುಗಳ 11 ಒಡೆಯುವುದಿಲ್ಲ. ಅದರ ನಂತರದ್ದು ಸಿಗಬೇಕಾದರೆ 19 ಒಂದುಗಳವರೆಗೆ ಹೋಗಬೇಕು. ಆಮೇಲೆ 23, 317, 1031. ಕಡೆಯದನ್ನು ವಿಲಿಯಮ್ಸ್ ಮತ್ತು ಡಬ್ನರ್ ಎಂಬವರು 1986ರಲ್ಲಿ ಸಾಧಿಸಿ ತೋರಿಸಿದರು. ಇಂಥವು ಕೊನೆಯಿಲ್ಲದಷ್ಟಿವೆಯೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿಲ್ಲ. ನಿಮ್ಮಲ್ಲೊಬ್ಬರು ಸಾಧಿಸಿದರೆ ಸಂಘದಿಂದ ಶಾಲು, ಹಾರ ಖಂಡಿತ!

ಆಚಾರ್ಯರ ತಪ್ಪು, ನಿಮ್ಮ ಹಕ್ಕು

ಇನ್ನು ಮುಖ್ಯ ಮಾತಿಗೆ ಬರುತ್ತೇನೆ.

ನಿಮ್ಮ ತಲೆಮಾರಿಗೆ ಹಿರಿಯರಾದ ನಾವು ಆಗಾಗ ಒಂದು ಪಾಠ ಒಪ್ಪಿಸುತ್ತೇವೆ: ನಮ್ಮ ಭಾಷೆ ದೊಡ್ಡದು, ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು, ಎಲ್ಲ ನಮ್ಮಿಂದಲೇ ಹೋಯಿತು. ಮೊಬೈಲಿನಲ್ಲಿ ಬರುವ ಸಂದೇಶಗಳೂ ಅದನ್ನೇ ಹೇಳುತ್ತವೆ. ನೀವು ಸಭ್ಯತೆಯಿಂದ ತಲೆಯಾಡಿಸಿ ಹೊರಗೆ ಹೋಗಿ ನಗುತ್ತೀರಿ. ಅದು ನಿಮ್ಮ ತಪ್ಪಲ್ಲ. ಪರೀಕ್ಷಿಸಲು ಬಾರದ ಹೊಗಳಿಕೆಯನ್ನು ಬುದ್ಧಿವಂತ ಮಕ್ಕಳು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಆದ್ದರಿಂದಲೇ ನಾನು ಈ ಸಂಖ್ಯೆಯನ್ನು ಆರಿಸಿದೆ. ಇದನ್ನು ನಂಬಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ. 27994681 ಅನ್ನು 441ರಿಂದ ಗುಣಿಸಿ ನೋಡಿ. 9ನೇ ಶತಮಾನದ ಶಿಷ್ಯನಿಗೆ ಬಂದ ಉತ್ತರವೇ ನಿಮಗೂ ಬರುತ್ತದೆ. ಕೋಟೆಗಳು ಬಿದ್ದವು, ರಾಜಧಾನಿ ರೈಲು ನಿಲ್ದಾಣದ ಹೆಸರಾಗಿ ಉಳಿಯಿತು. ಗುಣಾಕಾರ ಮಾತ್ರ ಒಂದು ಅಂಕಿಯೂ ಅಲುಗದೆ ನಿಂತಿದೆ.

ಪರೀಕ್ಷಿಸುವ ಹಕ್ಕು ನಿಮ್ಮದು ಎಂದ ಮೇಲೆ ಅದು ಪೂರ್ತಿ ನಿಮ್ಮದು. ಅದೇ ಗ್ರಂಥದಲ್ಲಿ ಮಹಾವೀರಾಚಾರ್ಯರು ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಗುರುತಿಸಿದ್ದಾರೆ. ಆ ಕಾಲಕ್ಕೆ ಬಹಳ ಸೂಕ್ಷ್ಮವಾದ ಮಾತು. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದೂ ಹೇಳಿದ್ದಾರೆ. ಅದು ಸರಿಯಲ್ಲ. ಏಕೆಂದು ನೀವೇ ತೋರಿಸಬಹುದು. 12 ÷ 0 = 12 ಆಗಿದ್ದರೆ, ತಾಳೆ ನೋಡಲು 12 × 0 ಎಂಬುದು 12 ಆಗಬೇಕಿತ್ತು. ಅದು ಸೊನ್ನೆ. ಯಾವ ಸಂಖ್ಯೆಯನ್ನು ಇಟ್ಟರೂ ತಾಳೆ ಬೀಳದು. ಆದ್ದರಿಂದ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ ಇಂದಿನ ಗಣಿತ.

ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬಳು ಹುಡುಗಿ ಕೇಳಿದಳು: “ಆಂಟಿ, ತಪ್ಪು ಮಾಡಿದವರನ್ನು ದೊಡ್ಡವರು ಅಂತ ಯಾಕೆ ಹೇಳ್ತೀರಿ?” ಒಳ್ಳೆಯ ಪ್ರಶ್ನೆ. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂದು ಕೇಳಿಕೊಂಡದ್ದೇ ಆ ಕಾಲಕ್ಕೆ ದೊಡ್ಡದು. ಅವರ ಉತ್ತರ ಬರವಣಿಗೆಯಲ್ಲಿ ನಿಂತಿದ್ದರಿಂದ ಮುಂದಿನವರು ತಿದ್ದಲು ಸಾಧ್ಯವಾಯಿತು. ಶಿಷ್ಯನ ಕೈಗೆ ಲೆಕ್ಕ ಕೊಟ್ಟು ‘ಮಾಡಿ ನೋಡು’ ಎಂದ ಗುರು, ತನ್ನ ಮಾತನ್ನೂ ಪರೀಕ್ಷೆಗೆ ಒಡ್ಡಿದಂತೆಯೇ. ಅಂಥ ಗುರುವಿನ ಬಗ್ಗೆ ಹೆಮ್ಮೆಪಡಲು ಅವರ ತಪ್ಪನ್ನು ಮುಚ್ಚಿಡಬೇಕಾಗಿಲ್ಲ.

ಕೊನೆಯದಾಗಿ ನಿಮಗೊಂದು ಮನೆಗೆಲಸ. ಅದೇ ಗ್ರಂಥದ ಇನ್ನೊಂದು ಹಾರವಿದು: 333333666667 ಅನ್ನು 33ರಿಂದ ಗುಣಿಸಿ. ಉತ್ತರವನ್ನು ನಾನು ಹೇಳುವುದಿಲ್ಲ. ಮೊಬೈಲನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಮಾಡಿ, ‘ಮೂರು ಏಳಲೆ ಇಪ್ಪತ್ತೊಂದು, ಒಂದು ಬರೆದು ದಶಕ ಎರಡು’ ಎಂದು ಬಾಯಲ್ಲಿ ಕನ್ನಡದಲ್ಲೇ ಹೇಳಿಕೊಳ್ಳುತ್ತ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗ್ಗಿ ತಪ್ಪಿದರೆ ಅವರು ತಿದ್ದುತ್ತಾರೆ. ಅವರು ತಪ್ಪಿದರೆ ನೀವು ತಿದ್ದಿ.